ಶೀಟುಗಳ ಪಾಲು

ಮೊದಲ ಶೀಟು ಅಂಗಳಕ್ಕೆ ಬಿದ್ದ ಸದ್ದಿಗೆ ವರಲಕ್ಷ್ಮಿಯ ಕೈಯಲ್ಲಿದ್ದ ರೇಷ್ಮೆಹುಳು ಜಾರಿ ನೆಲಕ್ಕೆ ಬಿತ್ತು. ಹುಳುಮನೆಯ ಕತ್ತಲೊಳಗೆ ಏಪ್ರಿಲ್ ಬಿಸಿಲು ಮಚ್ಚಿನಂತೆ ಇಳಿಯಿತು. ಮೇವು ಬಿಟ್ಟು ಹಣ್ಣಾದ ಹುಳುಗಳು ಬೆಳಗ್ಗೆಯಷ್ಟೇ ಬಿದಿರು ತಟ್ಟಿಯ ಚಂದ್ರಿಕೆ ಹತ್ತಿ ಗೂಡು ಕಟ್ಟತೊಡಗಿದ್ದವು. ಬಿಸಿಲು ತಾಗಿದಲ್ಲೆಲ್ಲ ಅವು ನೂಲುವುದನ್ನು ನಿಲ್ಲಿಸಿ ತಲೆ ಅಲ್ಲಾಡಿಸಿದವು.

ಅವಳು ಹೊರಗೆ ಓಡಿದಳು. ಸೂರಿನ ಮೇಲೆ ಮೈದುನ ಗಂಗಾಧರ್ ಸ್ಪ್ಯಾನರ್ ಹಿಡಿದು ಕೂತಿದ್ದ.

ಗಂಡ ತೀರಿಕೊಂಡ ಮೇಲೆ ಊರಿನ ಹಿರಿಯರು ಪಾಲು ಮಾಡಿದ್ದರು. ಹುಳುಮನೆಯ ಜಾಗ, ಗೋಡೆ ಅವಳಿಗೆ. ಮೇಲಿನ ಜಿಂಕ್ ಶೀಟುಗಳು ಅವನಿಗೆ, ತಂದು ಹೊದಿಸಿದವನು ಅವನೇ ಅಲ್ಲವೇ ಎಂದು. ಆಗ ಯಾರೂ ನಕ್ಕಿರಲಿಲ್ಲ. ಗೂಡು ಬಿಡಿಸುವವರೆಗೆ ಮುಟ್ಟುವುದಿಲ್ಲ ಎಂದು ಅವನು ಮಾತು ಕೊಟ್ಟಿದ್ದ.

"ಇಳಿಯೋ ಗಂಗಾ! ಹುಳ ಗೂಡು ಕಟ್ತಾವೆ ಕಣೋ. ಇನ್ನಾಲ್ಕು ದಿನ ತಡಿಯಪ್ಪಾ."

"ನಾಳೆ ಪೆರೇಸಂದ್ರದಲ್ಲಿ ನನ್ ಹೊಸ ಅಂಗ್ಡಿ ಪೂಜೆ, ಅತ್ಗೆ. ಮೇಲೆ ಶೀಟಿಲ್ದೆ ದೇವ್ರನ್ನ ಬಿಸಿಲಲ್ಲಿ ಕೂರಿಸ್ಲಾ? ನಿನ್ ಹುಳಕ್ಕೆ ನಿನ್ ಸೀರೆ ಹೊದಿಸು, ಹೋಗು."

ಎರಡನೆಯ ಶೀಟು ಅವಳ ಕಿವಿಯ ಪಕ್ಕದಲ್ಲೇ ಬಂತು. ಅದರ ಅಂಚು ಮೊಣಕೈಯನ್ನು ಸೀಳಿತು. ರಕ್ತ ಕಂಡಾದರೂ ನಿಲ್ಲಿಸುತ್ತಾನೆಂದು ಅವಳು ನೋಡುತ್ತ ನಿಂತಳು. ಅವನು ಮೂರನೆಯದರ ಬೋಲ್ಟು ತಿರುಗಿಸುತ್ತಿದ್ದ.

ಅವಳು ಮಂಚೇನಹಳ್ಳಿಯಿಂದ ಈ ಮನೆಗೆ ಸೊಸೆಯಾಗಿ ಬಂದಾಗ ಇವನಿನ್ನೂ ಚಡ್ಡಿ ಹಾಕುವ ಹುಡುಗ. ಬಿದ್ದು ಬಂದಾಗಲೆಲ್ಲ ಇವನ ಮಂಡಿಗೆ ಅರಿಶಿನ ಮೆತ್ತಿದವಳು ಅವಳೇ. ಇಷ್ಟು ವರ್ಷ ಇಂಥ ಹೊತ್ತಿನಲ್ಲಿ ಅವಳಿಗೆ ಅಳು ಬರುತ್ತಿತ್ತು. ಇವತ್ತು ಬಂದದ್ದು ಅಳುವಲ್ಲ. ಅದು ಹೊಟ್ಟೆಯಿಂದೆದ್ದು ನೇರವಾಗಿ ತೋಳಿಗೆ ಇಳಿಯಿತು.

ಸೊಪ್ಪು ಹೊರುವ ಗೋಣಿಯನ್ನು ಎರಡು ಕೈಗೂ ಸುತ್ತಿಕೊಂಡು ಏಣಿ ಹತ್ತಿದಳು. ಬಿಚ್ಚಿದ ಶೀಟಿನ ಕೆಳತುದಿಯನ್ನು ಹಿಡಿದಳು. ಅವನು ಮೇಲ್ತುದಿಯನ್ನು ಬರಿಗೈಯಲ್ಲಿ ಎಳೆದ.

"ಬಿಡೇ! ನನ್ ಶೀಟು!"

"ನಿಂದೇ ಕಣೋ. ತಗೋ!"

ಅವಳು ಏಣಿಯಿಂದ ಕಾಲು ಬಿಟ್ಟಳು. ಮೈಭಾರವೆಲ್ಲ ತಗಡಿಗೆ ಜೋತುಬಿತ್ತು. ಶೀಟು ಅವನ ಅಂಗೈಗಳನ್ನು ಕೊಯ್ದುಕೊಂಡು ಜಾರಿತು. ಹಿಂದೆಯೇ ಅವನೂ ಉರುಳಿ, ತಾನೇ ಎಸೆದಿದ್ದ ಶೀಟುಗಳ ಮೇಲೆ ಬಿದ್ದ. ತಗಡಿನ ಆ ಅಬ್ಬರದ ನಡುವೆಯೂ ಮೂಳೆ ಮುರಿದದ್ದು ಅವಳಿಗೆ ಕೇಳಿಸಿತು.

ಏಣಿಯ ಬುಡದಲ್ಲಿ ಬಿದ್ದಿದ್ದ ಅವಳು ಬಾಯೊಳಗಿನ ರಕ್ತ ಉಗಿದು ಎದ್ದಳು. ಅವನ ಒಂದು ಕಾಲು ಮಂಡಿಯ ಕೆಳಗೆ ತಿರುಚಿಕೊಂಡಿತ್ತು. ಎರಡೂ ಅಂಗೈ ಮೇಲೆತ್ತಿ, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆಯೇ ಅವಳತ್ತ ಚಾಚಿದ.

"ಅತ್ಗೆ... ಕೈ ನೋಡತ್ಗೆ. ಏನಾದ್ರೂ ಕಟ್ಟು."

ಗೋಣಿ ಕಳಚಿದ ಅವಳ ಬೆರಳುಗಳು ಆಗಲೇ ಸೆರಗಿನ ಅಂಚನ್ನು ಹರಿಯಲು ಹಿಡಿದಿದ್ದವು. ತೆರೆದ ಬಾಗಿಲೊಳಗೆ ಚಂದ್ರಿಕೆಯಿಂದ ಹುಳುಗಳು ಒಂದೊಂದಾಗಿ ಉದುರುವುದು ಕಂಡಿತು. ಅವಳು ಸೆರಗು ಬಿಟ್ಟಳು.

"ತಡಿಯಪ್ಪಾ, ಮೊದ್ಲು ಹುಳ ಮುಚ್ಚಣ," ಎಂದಳು.

ಕೆಂಪಾದ ಶೀಟನ್ನು ತಲೆಯ ಮೇಲೆ ಹೊತ್ತು ಮತ್ತೆ ಏಣಿ ಹತ್ತಿದಳು. ಅವನ ಸ್ಪ್ಯಾನರ್ ಮೇಲೆಯೇ ಇತ್ತು.