ಗೋಪಮ್ಮ ಕೇಳಿದ ಫೋಟೋ

ಫ್ಲೆಕ್ಸ್ ಅಂಗಡಿಯ ಜಿಲಾನಿ ಪಾಷಾ ಫೋಟೋವನ್ನು ಇನ್ನೊಂದು ಸಲ ಹಿಗ್ಗಿಸಿದ. ಪರದೆಯ ಮೇಲೆ ಶೇಖರನ ಮುಖ ಚೌಕ ಚೌಕವಾಗಿ ಒಡೆದು, ಮೂಗು ಯಾವುದು, ಮೀಸೆ ಯಾವುದು ತಿಳಿಯದಂತಾಯಿತು.

"ಇದಕ್ಕಿಂತ ದೊಡ್ಡದು ಇಲ್ಲೇನ್ರಿ ಆಪಾ?"

"ಇಲ್ಲ ಭಾಯ್," ಎಂದಳು ಫರ್ಹೀನ್.

"ಇದು ನೋಡಿದ್ರ ಉಗುರಿನಷ್ಟು ಅದ. ನೀವು ಕೇಳೋದು ಆರು ಫೂಟಿನ ಫ್ಲೆಕ್ಸ್. ಮೂಲ ಫೋಟೋ ಎಲ್ಲದ?"

ರಾಯಚೂರಿನಲ್ಲಿ ವೆಬ್‌ಸೈಟ್ ಮಾಡಿಕೊಡುವ ಫರ್ಹೀನ್ ಗಿರಾಕಿಗಳನ್ನು ದಿನಕ್ಕೆ ಮೂರು ಸಲ ಕೇಳುವ ಪ್ರಶ್ನೆ ಅದು. ಮದುವೆ ಛತ್ರದವರು, ದವಾಖಾನೆಯವರು, ಕಾಲೇಜಿನವರು ಯಾರೇ ಇರಲಿ, ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಸವೆದುಹೋದ ಫೋಟೋ ಕಳಿಸಿದರೆ ಸಾಕು, ಮೂಲ ಎಲ್ಲಿ ಎಂದು ಬೆನ್ನು ಹತ್ತುತ್ತಿದ್ದಳು. ಇವತ್ತು ಆ ಪ್ರಶ್ನೆ ಅವಳ ಕಡೆಗೇ ತಿರುಗಿತ್ತು.

ಫೋನು ರಿಂಗಣಿಸಿತು. ತೀರಿಕೊಂಡ ಶೇಖರನ ತಮ್ಮ ಕೃಷ್ಣ. ಅರಕೇರಾದಲ್ಲಿ ಮೇಷ್ಟ್ರು.

"ಮೇಡಮ್, ಫೋಟೋ ಆತೇನ್ರಿ? ಅಣ್ಣನ ಗಾಡಿ ಮಾನ್ವಿ ದಾಟೇದ. ನಾಕು ಗಂಟೆಕ್ಕ ಮಣ್ಣು."

"ಮಾಡಸಾಕತ್ತೀನ್ರಿ."

"ಬ್ಯಾರೆ ಫೋಟೋ ಹಾಕೂಣು ಅಂದ್ರ ಅವ್ವ ಕೇಳವಲ್ಲಳು. ಗದ್ದ್ಯಾಗ ನಗಾಕತ್ತಿದ್ದು ಅದಲ್ಲ, ಅದೇ ಬೇಕಂತ. ನಿಮ್ಮ ಹತ್ರ ದೊಡ್ಡದು ಅದ ಅಂತ ಅಣ್ಣನೇ ಹೇಳಿದ್ನಂತ."

"ಹೂಂ, ತರ್ತೀನಿ," ಎಂದು ಫೋನು ಇಟ್ಟಳು.

ಗೋಪಮ್ಮನ ಹಟದಲ್ಲಿ ತಪ್ಪೇನೂ ಇರಲಿಲ್ಲ. ಕಿಡ್ನಿ ಕೆಟ್ಟ ಮೇಲಿನ ಮೂರು ವರ್ಷದಲ್ಲಿ ಮಗನ ಮುಖ ಬಾತು, ಕಣ್ಣು ಗೆರೆಯಷ್ಟೇ ಉಳಿದಿದ್ದವು. ಅದಕ್ಕೆ ಮೊದಲಿನ ಫೋಟೋ ಕೇಳಿದರೆ, ಊರವರದ್ದೆಲ್ಲ ತೆಗೆದವನು ಅವನೇ ಆದ್ದರಿಂದ ಅವನದೇ ಇರಲಿಲ್ಲ. ಮದುವೆಯದೊಂದು ಇತ್ತು. ಅದರಲ್ಲಿ ಅವನು ನಗದೆ, ಪರೀಕ್ಷೆಗೆ ಕೂತವನ ಹಾಗೆ ಕೂತಿದ್ದ.

*

ಹನ್ನೆರಡು ವರ್ಷದ ಹಿಂದಿನ ಮಾತು. ಸ್ಟೇಷನ್ ರಸ್ತೆಯಲ್ಲಿ, ಮಹಡಿಯ ಮೇಲೆ, ಶೇಖರನ ಒಂದು ಕೋಣೆಯ ಅಂಗಡಿ. ಎರಡು ಕಂಪ್ಯೂಟರು, ಒಂದು ಕ್ಯಾಮೆರಾ, ಗೋಡೆಗೆ ಬುದ್ಧನ ಕ್ಯಾಲೆಂಡರು. ವೆಬ್‌ಸೈಟ್ ಬೇಕೆಂದರೆ ಜನ ಹೈದರಾಬಾದಿನ ಬಸ್ಸು ಹತ್ತುತ್ತಿದ್ದ ಕಾಲದಲ್ಲಿ, ನಮ್ಮೂರಿಂದು ನಮ್ಮೂರಾಗೇ ಮಾಡೂಣು ಎಂದು ಕೂತವನು ಅವನು. ಬಿಸಿಎ ಮುಗಿಸಿದ ಫರ್ಹೀನಳನ್ನು ಕೆಲಸಕ್ಕೆ ಇಟ್ಟುಕೊಂಡು, ತನಗೆ ಬರುವುದನ್ನೆಲ್ಲ ಬಚ್ಚಿಡದೆ ಕಲಿಸಿದ.

ಅವನದು ಒಂದೇ ಕಟ್ಟಪ್ಪಣೆ. "ಮೂಲ ಫೋಟೋ ಅಳಿಸಬ್ಯಾಡ. ದೊಡ್ಡದನ್ನ ಯಾವಾಗರ ಸಣ್ಣದು ಮಾಡಬಹುದು. ಸಣ್ಣದನ್ನ ದೊಡ್ಡದು ಮಾಡಾಕ ಯಾರ ಕೈಲೂ ಆಗಂಗಿಲ್ಲ."

ಮಾನ್ವಿಯ ಒಬ್ಬ ಅಕ್ಕಿ ಗಿರಣಿ ಮಾಲಕರು ವೆಬ್‌ಸೈಟ್ ಮಾಡಿಸಿದರು. ಅದರಲ್ಲಿ 'ರೈತರ ಮಾತು' ಎಂಬ ಪುಟಕ್ಕೆ ಒಬ್ಬ ರೈತನ ಫೋಟೋ ಬೇಕಿತ್ತು. ವೆಬ್‌ಸೈಟ್ ಮಾಡಿಸುವವರು ಎಲ್ಲವನ್ನೂ ಕೊಡುತ್ತಾರೆ, ಫೋಟೋ ಒಂದನ್ನು ಬಿಟ್ಟು. ನಾಳೆ ಕಳಸ್ತೀನಿ ಎಂದ ಮಾಲಕರು ಹದಿನೈದು ದಿನ ಅದನ್ನೇ ಹೇಳಿ, ಕೊನೆಗೆ "ಯಾರನ್ನರ ನಿಂದ್ರಿಸಿ ತಕ್ಕೊಳ್ಳೋ ಮಾರಾಯ" ಎಂದರು.

ಶೇಖರ ಫರ್ಹೀನಳನ್ನು ಕರೆದುಕೊಂಡು ತನ್ನೂರು ಪೋತ್ನಾಳಿನ ಬಸ್ಸು ಹತ್ತಿದ. ನಾಟಿಯ ದಿನಗಳು. ಗೋಪಮ್ಮ ಹತ್ತಾರು ಹೆಂಗಸರ ಜೊತೆ ಯಾರದೋ ಗದ್ದೆಯಲ್ಲಿ ಮೊಣಕಾಲಿನವರೆಗೆ ಕೆಸರಲ್ಲಿದ್ದಳು. ಶೇಖರ ಸತ್ತ ಅಪ್ಪನ ರುಮಾಲು ಸುತ್ತಿಕೊಂಡು ಬದುವಿನ ಮೇಲೆ ನಿಂತು, ಕ್ಯಾಮೆರಾವನ್ನು ಫರ್ಹೀನಳ ಕೈಗೆ ಕೊಟ್ಟ. ಅವಳು ಕಣ್ಣಿಗೆ ಹಿಡಿದಳು. ಕತ್ತಲೆ.

"ಸರ್, ಏನೂ ಕಾಣವಲ್ದು."

"ಮೊದ್ಲು ಮುಚ್ಚಳ ತೆಗಿಯವ್ವಾ ತಂಗಿ."

ಗದ್ದೆಯಲ್ಲಿದ್ದ ಹೆಂಗಸರೆಲ್ಲ ಸಸಿ ಹಿಡಿದುಕೊಂಡೇ ನಕ್ಕರು. ಅವರನ್ನು ನೋಡಿ ಶೇಖರನೂ ನಕ್ಕ. ಚಿಕ್ಕಂದಿನಲ್ಲಿ ಬಾವಿಕಟ್ಟೆಯ ಮೇಲೆ ಬಿದ್ದು ಅರ್ಧ ಮುರಿದ ಮುಂದಿನ ಹಲ್ಲು ಕಾಣುತ್ತದೆಂದು ಯಾವಾಗಲೂ ತುಟಿ ಮುಚ್ಚಿ ನಗುತ್ತಿದ್ದವನು ಅವತ್ತು ಮರೆತುಬಿಟ್ಟ. ಫರ್ಹೀನ್ ಮುಚ್ಚಳ ತೆಗೆದು ಒತ್ತಿದಳು.

ಫೋಟೋ ಮಾಲಕರಿಗೆ ಹಿಡಿಸಿತು. ಹೆಸರು ಮಾತ್ರ ಬೇರೆ ಹಾಕು ಎಂದರು. ನಮ್ಮ ಕಡೆಯವರದ್ದು, ನಾಕು ಮಂದಿ ನಂಬುವಂಥದ್ದು. ಶೇಖರ ಎರಡು ಮಾತಾಡದೆ ಅದರ ಕೆಳಗೆ 'ಬಸವಂತಪ್ಪ, ಪ್ರಗತಿಪರ ರೈತರು' ಎಂದು ಬರೆದ. ಅವನ ಮನೆತನಕ್ಕೆ ಒಂದು ಗುಂಟೆ ಹೊಲವೂ ಇರಲಿಲ್ಲ.

ಓದು ಬಾರದ ಗೋಪಮ್ಮನಿಗೆ ಆ ಹೆಸರಿನ ಗೊಡವೆ ಇರಲಿಲ್ಲ. ರಾಯಚೂರಿಗೆ ಬಂದಾಗಲೆಲ್ಲ ಅಂಗಡಿಯ ಮೆಟ್ಟಿಲು ಹತ್ತಿ, ಕಂಪ್ಯೂಟರಿನ ಮುಂದೆ ಕೂತು, "ಆ ಗದ್ದಿ ಫೋಟೋ ತೋರ್ಸು" ಎನ್ನುತ್ತಿದ್ದಳು. ನೋಡಿ ನೋಡಿ ಒಂದೇ ಮಾತು ಹೇಳುತ್ತಿದ್ದಳು: "ಬದುವಿನ ಮ್ಯಾಲೆ ನಿಂತಾನ ನೋಡು. ಕೆಸರಾಗ ಅಲ್ಲ."

*

"ಒಂದು ಕೆಲಸ ಮಾಡೂಣೇನ್ರಿ ಆಪಾ?" ಎಂದ ಜಿಲಾನಿ. "ಈಗ ಎಐ ಬಂದದಲ್ಲ, ಎಂಥಾ ಸಣ್ಣ ಫೋಟೋನೂ ದೊಡ್ಡದು ಮಾಡಿಕೊಡ್ತದ."

ಒಂದು ಗಳಿಗೆಯಲ್ಲಿ ಪರದೆಯ ಮೇಲೆ ಶೇಖರ ತುಂಬಿ ನಿಂತ. ರುಮಾಲಿನ ಎಳೆ ಎಳೆ ಕಾಣುತ್ತಿತ್ತು. ಹಿಂದಿನ ಸಸಿಗಳು ಒಂದೊಂದೂ ಹಸಿರು. ಕೆನ್ನೆಗಳು ನುಣ್ಣಗಿದ್ದವು. ನಗುವ ಬಾಯಲ್ಲಿ ಹಲ್ಲುಗಳು ಸಾಲಾಗಿ, ಬೆಳ್ಳಗೆ, ಒಂದೂ ಮುರಿಯದೆ ಇದ್ದವು.

"ನೋಡ್ರಿ, ಹೆಂಗ ಬಂತು," ಎಂದ ಜಿಲಾನಿ.

ಫರ್ಹೀನ್ ನೋಡಿದಳು. ಇದನ್ನು ಒಯ್ದರೆ ಯಾರೂ ಏನೂ ಕೇಳುವುದಿಲ್ಲ. ಗೋಪಮ್ಮನ ಕಣ್ಣು ಮೊದಲಿನಂತಿಲ್ಲ. ಮಗ ಸತ್ತ ದಿನ ಹಲ್ಲು ಎಣಿಸುತ್ತಾ ಕೂರುವುದಿಲ್ಲ. ತಾನು ಮಾಡಿದ್ದು ತನ್ನ ಹೊಟ್ಟೆಯಲ್ಲೇ ಉಳಿಯುತ್ತದೆ. ಹಾಗೆ ಉಳಿಯಲಿ ಎಂದು ಅವಳಿಗೆ ಆಸೆಯೂ ಆಯಿತು.

"ಬ್ಯಾಡ ಭಾಯ್," ಎಂದಳು ಕೊನೆಗೆ. "ಇವ್ರು ಬ್ಯಾರೆ ಯಾರೋ. ಆ ಸಣ್ಣದನ್ನೇ ಹಿಗ್ಗಿಸಿ ಹಾಕ್ರಿ."

"ಒಡದು ಬರ್ತದ್ರಿ. ಮಂದಿ ನನ್ನ ಬೈತಾರ."

"ನನ್ನ ಹೆಸರು ಹೇಳ್ರಿ."

ಜಿಲಾನಿ ತಲೆ ಅಲ್ಲಾಡಿಸಿ ಹಳೆಯದನ್ನೇ ತೆರೆದ. "ಕೆಳಗ ಏನು ಬರೀಲಿ?"

"ಶೇಖರ, ಪೋತ್ನಾಳ. ಅಕ್ಷರ ದೊಡ್ಡವಿರಲಿ."

*

ಗದ್ದೆಯ ಫೋಟೋ ತೆಗೆದ ಮೇಲಿನವು ಎಲ್ಲರ ಕೈಗೂ ಫೋನು ಬಂದ ವರ್ಷಗಳು. ಶೇಖರ ಮಾಡಿದ ವೆಬ್‌ಸೈಟುಗಳು ದೊಡ್ಡ ಪರದೆಗೆ ಅಳತೆ ಹಾಕಿ ಮಾಡಿದವು. ಫೋನಿನಲ್ಲಿ ತೆರೆದರೆ ಅಕ್ಷರ ಇರುವೆಯಷ್ಟು. ಓದಬೇಕೆಂದರೆ ಪುಟವನ್ನು ಬೆರಳಿಂದ ಆ ಕಡೆ ಈ ಕಡೆ ಜಗ್ಗಬೇಕು. "ಫೋನಿನಾಗ ಯಾರು ನೋಡ್ತಾರ?" ಎಂದು ಶೇಖರ ಎರಡು ವರ್ಷ ಹೇಳಿದ. ಅಷ್ಟರೊಳಗೆ ಎಲ್ಲರೂ ಫೋನಿನಲ್ಲೇ ನೋಡತೊಡಗಿದ್ದರು.

ಫರ್ಹೀನ್ ವಿಡಿಯೋ ನೋಡಿ ನೋಡಿ ಹೊಸದನ್ನು ಕಲಿತಳು. ಪರದೆ ಎಷ್ಟಿದೆಯೋ ಅಷ್ಟಕ್ಕೆ ತಾನೇ ಹೊಂದಿಕೊಳ್ಳುವಂತೆ ಗಿರಣಿಯ ವೆಬ್‌ಸೈಟನ್ನು ಬುಡದಿಂದ ಕಟ್ಟಿದಳು. ಬೇಗ ತೆರೆಯಲೆಂದು ಫೋಟೋಗಳನ್ನೆಲ್ಲ ಕುಗ್ಗಿಸಿದಳು. ಮೂರು ತಿಂಗಳ ಕೆಲಸ. ಮಾನ್ವಿಗೆ ಹೋಗಿ ಮಾಲಕರ ಕೈಗೆ ಫೋನು ಕೊಟ್ಟಾಗ, ಪಕ್ಕದಲ್ಲಿದ್ದ ಶೇಖರ ಇಣುಕಿ ನೋಡಿ, "ಅರಮನಿ ಇದ್ದದ್ದನ್ನ ಕಡ್ಡಿಪೆಟ್ಟಿಗಿ ಮಾಡೀಯಲ್ಲ" ಎಂದ. ಮಾಲಕರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವತ್ತು ಮಧ್ಯಾಹ್ನ ಅಂಗಡಿಗೆ ಮರಳಿ, ಶೇಖರ ಊಟಕ್ಕೆ ಹೋದಾಗ, ಫರ್ಹೀನ್ ಗಿರಣಿಯ ಹಳೆಯ ಕಡತಗಳನ್ನು ಒಂದೂ ಬಿಡದೆ ಅಳಿಸಿದಳು. ಕಂಪ್ಯೂಟರಿನದು, ಸರ್ವರಿನದು, ಕಾಪಿ ಇಟ್ಟಿದ್ದ ಡಿಸ್ಕಿನದು. ಮೂಲ ಫೋಟೋಗಳೂ ಅದರಲ್ಲೇ ಹೋದವು. ಅರಮನೆ ಇರಬಾರದು ಎಂಬುದಷ್ಟೇ ಅವಳ ತಲೆಯಲ್ಲಿತ್ತು. ತಿಂಗಳೊಳಗೆ ಕೆಲಸ ಬಿಟ್ಟು ತನ್ನದೇ ಅಂಗಡಿ ತೆರೆದಳು.

ಮೂರು ವರ್ಷದ ಹಿಂದೆ ಒಂದು ದಿನ ಶೇಖರ ಅವಳ ಅಂಗಡಿಗೆ ಬಂದ. ಮೆಟ್ಟಿಲಿನ ನಡುವೆ ಎರಡು ಕಡೆ ನಿಂತು ಉಸಿರು ತೆಗೆದುಕೊಂಡಿದ್ದು ಅವಳಿಗೆ ಕೇಳಿಸಿತ್ತು.

"ಅವ್ವ ಆ ಗದ್ದಿ ಫೋಟೋ ಗ್ವಾಡಿಗೆ ಹಾಕಬೇಕಂತ ಬೆನ್ನ ಹತ್ತ್ಯಾಳ," ಎಂದ. "ನನ್ನ ಕಡೆ ಸಿಗವಲ್ದು. ನಿನ್ನ ಹತ್ರ ಇರಬೇಕಲ್ಲ?"

ಹೇಳಬಹುದಿತ್ತು. ಬಾಯಿಗೆ ಬಂದದ್ದು ಬೇರೆ. "ಅದ ಸರ್. ಹುಡುಕಿ ಕಳಸ್ತೀನಿ."

"ಅವಸರಿಲ್ಲ. ನೀ ಅಳಿಸಂಗಿಲ್ಲ ಅಂತ ನಂಗೊತ್ತದ."

ಮೇಜಿನ ಮೇಲಿದ್ದ ಅವಳ ಫೋನು ಎತ್ತಿಕೊಂಡು ಗಿರಣಿಯ ವೆಬ್‌ಸೈಟ್ ತೆರೆದ. ಬಾತ ಹೆಬ್ಬೆರಳಿನಿಂದ ಮೇಲೆ ಕೆಳಗೆ ಸರಿಸಿ ಬಹಳ ಹೊತ್ತು ನೋಡಿದ.

"ಚಲೋ ಮಾಡೀದಿ. ಅವತ್ತೇ ಹೇಳಬೇಕಿತ್ತು. ಮಾಲಕರ ಮುಂದ ಹಂಗ ಅನಬಾರದಿತ್ತು ನಾನು."

"ಇರಲಿ ಬಿಡ್ರಿ ಸರ್," ಎಂದಿದ್ದಳು ಫರ್ಹೀನ್, ದೊಡ್ಡ ಮನಸ್ಸಿನವಳ ಹಾಗೆ. ಆ ಮಾತು ನೆನಪಾದರೆ ಈಗಲೂ ಅವಳಿಗೆ ತನ್ನ ಮೇಲೆ ಅಸಹ್ಯವಾಗುತ್ತದೆ.

*

ಪೋತ್ನಾಳಿನ ಓಣಿಯಲ್ಲಿ ಬಿಳಿ ಬಟ್ಟೆಯ ಜನ ತುಂಬಿದ್ದರು. ಬಾಗಿಲ ಮುಂದೆ ಶೇಖರನನ್ನು ಮಲಗಿಸಿ, ತಲೆಯ ಕಡೆ ಬುದ್ಧನ ಮೂರ್ತಿ ಇಟ್ಟು ಮೇಣದಬತ್ತಿ ಹಚ್ಚಿದ್ದರು. ಹೆಂಡತಿ ಮೌನೇಶ್ವರಿ ಗಂಡನ ಕಾಲಿನ ಹತ್ತಿರ ಕೂತಿದ್ದಳು.

ಕೃಷ್ಣ ಫ್ಲೆಕ್ಸಿನ ಸುರುಳಿ ಬಿಚ್ಚಿ, ಮನೆಯ ಗೋಡೆಗೆ ಕಟ್ಟಿಸಿದ. ಕಟ್ಟಿದವರು ಹಿಂದೆ ಸರಿಯದೆ ಅಲ್ಲೇ ನಿಂತು ನೋಡಿದರು. ಹೆಸರು ಕೊರೆದಂತೆ ಸ್ಪಷ್ಟವಾಗಿತ್ತು. ಅದರ ಮೇಲೆ ಕಂದು, ಹಸಿರು, ಬಿಳಿ ಚೌಕಗಳು.

"ಇದೇನ್ರಿ ಮೇಡಮ್ ಹಿಂಗ?" ಎಂದ ಕೃಷ್ಣ. ದನಿ ತಗ್ಗಿಸಿದ್ದರೂ ಸಿಟ್ಟು ಅಡಗಲಿಲ್ಲ. "ದೊಡ್ಡದು ಅದ ಅಂದಿದ್ರಲ್ಲ."

ಗೋಪಮ್ಮ ಎದ್ದು ಬಂದಳು. ಗೋಡೆಗೆ ಮುಖ ತಾಗುವಷ್ಟು ಹತ್ತಿರ ನಿಂತು, ಅಂಗೈಯಿಂದ ಫ್ಲೆಕ್ಸನ್ನು ಸವರಿದಳು. ಮಗನ ಕೆನ್ನೆ ಎಲ್ಲಿರಬಹುದೆಂದು ಹುಡುಕಿದಳು.

"ಏನೂ ಕಾಣವಲ್ದವ್ವಾ," ಎಂದಳು.

"ಯವ್ವಾ, ದೊಡ್ಡ ಫೋಟೋ ನನ್ನ ಹತ್ರ ಇಲ್ಲ," ಎಂದಳು ಫರ್ಹೀನ್. "ಎಂಟು ವರ್ಷ ಆತು. ನಾನೇ ಅಳಿಸೀನಿ."

ಕೂತಲ್ಲಿಂದಲೇ ಮೌನೇಶ್ವರಿ ತಲೆ ಎತ್ತಿದಳು. "ಹೋದ ವಾರನೂ ಕೇಳಿದ್ರು. ಫರ್ಹೀನ್ ಕಳಿಸಿದ್ಳೇನು ನೋಡು ಅಂತ."

"ಯಾಕ ಅಳಿಸಿದಿ?" ಎಂದಳು ಗೋಪಮ್ಮ.

"ಸಿಟ್ಟು ಬಂದಿತ್ತು."

"ಸಿಟ್ಟು ಎಲ್ಲಾರಿಗೂ ಬರ್ತದ." ಮುದುಕಿಯ ಕೈ ಇನ್ನೂ ಫ್ಲೆಕ್ಸಿನ ಮೇಲೇ ಇತ್ತು. "ಇಳದ ಮ್ಯಾಲೆ ಹೇಳಬೇಕಿತ್ತಲ್ಲ ಯವ್ವಾ. ಹೇಳಿದ್ರ ಇನ್ನೊಂದು ತೆಗಿತಿದ್ವಿ. ಅವ ಇದ್ನಲ್ಲ."

ಇಡೀ ದಿನ ಒಣಗಿದ್ದ ಫರ್ಹೀನಳ ಕಣ್ಣಲ್ಲಿ ಆಗ ನೀರೊಡೆಯಿತು. ಬೈಗುಳಕ್ಕೆ ಅವಳು ಸಿದ್ಧಳಾಗಿ ಬಂದಿದ್ದಳು. ಇಷ್ಟು ಸುಲಭದ್ದೊಂದು ಅವಳಿಗೆ ಎಂದೂ ಹೊಳೆದಿರಲಿಲ್ಲ. ಒಂದು ರುಮಾಲು, ಒಂದು ಬದು, ಅರ್ಧ ದಿನ. ಅವನು ಬೇಡ ಎನ್ನುತ್ತಿರಲಿಲ್ಲ.

ಬುದ್ಧಂ ಶರಣಂ ಎಂದು ತ್ರಿಶರಣ ಹೇಳಿ ಮುಗಿಸಿದರು. ಕೃಷ್ಣ ಮತ್ತು ಮೂವರು ಚಟ್ಟಕ್ಕೆ ಹೆಗಲು ಕೊಟ್ಟರು. ಜನ ಓಣಿಯುದ್ದಕ್ಕೂ ನಿಧಾನ ಸರಿದರು. ಹಿಂದುಳಿದ ಗೋಪಮ್ಮನ ಜೊತೆ ಹೋಗಲು ಮೌನೇಶ್ವರಿ ಫರ್ಹೀನಳಿಗೆ ಕಣ್ಣಿನಲ್ಲೇ ಹೇಳಿ ಮುಂದೆ ನಡೆದಳು. ಫರ್ಹೀನ್ ಮುದುಕಿಯ ತೋಳು ಹಿಡಿದಳು. ಗೋಪಮ್ಮ ಬಿಡಿಸಿಕೊಳ್ಳಲಿಲ್ಲ.

ಓಣಿ ತಿರುಗುವಲ್ಲಿ ಗೋಪಮ್ಮ ಮನೆಯ ಕಡೆ ಒಮ್ಮೆ ಹೊರಳಿ ನೋಡಿದವಳು ಅಲ್ಲೇ ನಿಂತಳು. ಫರ್ಹೀನಳೂ ಹೊರಳಿದಳು.

ಅಷ್ಟು ದೂರದಿಂದ ಚೌಕಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿದ್ದವು. ರುಮಾಲು ರುಮಾಲಾಗಿತ್ತು. ಹಿಂದೆ ಗದ್ದೆಯ ಹಸಿರು. ಬದುವಿನ ಮೇಲೆ ನಿಂತು ಶೇಖರ ಬಾಯಿ ತುಂಬ ನಗುತ್ತಿದ್ದ. ಬಿಳಿ ಚೌಕಗಳ ನಡುವೆ ಇದ್ದ ಒಂದೇ ಒಂದು ಕರಿ ಚೌಕ ಅವನ ಮುರಿದ ಹಲ್ಲಾಗಿತ್ತು.

ಗೋಪಮ್ಮ ಫರ್ಹೀನಳ ಕೈ ಬಿಡಿಸಿಕೊಂಡು ಗೋಡೆಯ ಮೇಲಿನ ಮಗನ ಕಡೆ ಬಿರಬಿರನೆ ಹತ್ತು ಹೆಜ್ಜೆ ಹೋದಳು. ಹತ್ತಿರವಾದಂತೆ ಅವನು ಮತ್ತೆ ಚೌಕ ಚೌಕವಾಗಿ ಒಡೆದ. ನಿಂತಳು. ಆಮೇಲೆ ಅವನ ಮೇಲಿಂದ ಕಣ್ಣು ತೆಗೆಯದೆ, ಕಾಲಿನಿಂದ ನೆಲ ತಡವುತ್ತಾ, ಅದೇ ಹತ್ತು ಹೆಜ್ಜೆ ಹಿಂದಕ್ಕೆ ಬಂದಳು.