ಅರ್ಧ ರಾಜ್ಯ ಮತ್ತು ಮಗಳು

ಆಟ ಶುರುವಾಗುವ ಹೊತ್ತಿಗೆ ಸರಿಯಾಗಿ ಪರದೆ ಕಚ್ಚಿಕೊಂಡಿತು. ಮಧ್ಯಾಹ್ನದ ಆಟ, ಸಭಾಂಗಣದ ತುಂಬ ಮಕ್ಕಳು. ಕೆಳಗಿನ ಸಂದಿಯಿಂದ ರಾಜನ ಬೂಟು, ರಾಜಕುಮಾರಿಯ ಲಂಗದ ಅಂಚು ಇಷ್ಟೇ ಕಾಣುತ್ತಿತ್ತು. ಮಕ್ಕಳು ಕೇಕೆ ಹಾಕತೊಡಗಿದರು. ನಾಟಕ ಕಂಪನಿಯ ಯಜಮಾನನೇ ರಾಜನ ವೇಷದಲ್ಲಿದ್ದ. ಅವನಿಗೆ ಮೈಯೆಲ್ಲ ಉರಿದುಹೋಯಿತು.

"ಯಾರಾದ್ರೂ ಹತ್ತಿ ಆ ಹಗ್ಗ ಬಿಡಿಸ್ರೋ! ಬಿಡಿಸಿದವನಿಗೆ ನನ್ನ ಮಗಳನ್ನೇ ಕೊಡ್ತೀನಿ!"

ಮಗಳು ರಾಜಕುಮಾರಿಯ ಕಿರೀಟ ಸಮೇತ ಪಕ್ಕದಲ್ಲೇ ನಿಂತಿದ್ದಳು. ಅಪ್ಪನ ಬಾಯಿಗೆ ಬೀಗವಿಲ್ಲ ಎಂಬುದು ಅವಳಿಗೆ ಹೊಸದಲ್ಲ. ಆದರೆ ಏಣಿಯ ಕಡೆ ಓಡಿದವನು ದೀಪದವನು.

ದೀಪದವನೆಂದರೆ ವೇದಿಕೆಗೆ ಬೆಳಕು ಬಿಡುವವನು. ಅವನು ಕೆಲಸಕ್ಕೆ ಸೇರಿದಾಗಿನಿಂದ ಅವಳು ಎಲ್ಲಿ ನಿಂತರೂ ಅಲ್ಲಿ ಬೆಳಕು ಒಂದು ಕೈ ಹೆಚ್ಚೇ ಬೀಳುತ್ತಿತ್ತು. ಅದು ಅವಳಿಗೆ ಗೊತ್ತು, ಅಪ್ಪನೊಬ್ಬನನ್ನು ಬಿಟ್ಟು ಇಡೀ ಕಂಪನಿಗೇ ಗೊತ್ತು. ಒಂದು ಸಲ ಬಾಯಿಬಿಟ್ಟು ಕೇಳಿದ್ದರೆ ಸಾಕಿತ್ತು, ಹೂಂ ಎನ್ನಲು ತಯಾರಾಗೇ ಕೂತಿದ್ದಳು. ಪುಣ್ಯಾತ್ಮ ತುಟಿ ಬಿಚ್ಚಿದಾಗಲೆಲ್ಲ "ಊಟ ಆಯ್ತಾ" ಎಂದು ಕೇಳಿ ಹೊರಟುಬಿಡುತ್ತಿದ್ದ.

ಈಗ ಅವನು ಎತ್ತರದ ತೊಲೆಯ ಮೇಲೆ ತೆವಳುತ್ತಿದ್ದ. ಬಿದ್ದರೆ ಒಂದು ಮೂಳೆಯೂ ನೆಟ್ಟಗೆ ಉಳಿಯುವುದಿಲ್ಲ. ಅವಳು ಕತ್ತೆತ್ತಿ ನೋಡುತ್ತ ನಿಂತಳು. ಕೊನೆಗೆ ಹಗ್ಗ ಬಿಟ್ಟಿತು, ಪರದೆ ಸರ್ರನೆ ಮೇಲೇರಿತು.

ಆಟ ನಡೆಯಿತು, ರಾಕ್ಷಸ ಸತ್ತ. ಇನ್ನು ರಾಜ ಎದ್ದು, ಅರ್ಧ ರಾಜ್ಯವನ್ನೂ ಮಗಳನ್ನೂ ವೀರನಿಗೆ ಕೊಟ್ಟೆ ಎನ್ನಬೇಕು. ಕತೆಯ ರಾಜರಿಗೆಲ್ಲ ಇದೊಂದು ಚಾಳಿ. ಕುದುರೆ, ಬಂಗಾರ, ಮಗಳು ಎಲ್ಲವನ್ನೂ ಒಂದೇ ಉಸಿರಿಗೆ ಕೊಟ್ಟುಬಿಡುತ್ತಾರೆ. ರಾಜಕುಮಾರಿಗೆ ಅಲ್ಲಿ ಮಾತೇ ಇಲ್ಲ, ತಲೆ ತಗ್ಗಿಸಿದರೆ ಆಯಿತು. ಅವಳು ಎಷ್ಟು ಆಟಗಳಲ್ಲಿ ತಗ್ಗಿಸಿದ್ದಳೋ ಏನೋ.

ಇವತ್ತು ಅಪ್ಪ ವೀರನ ವೇಷದವನನ್ನು ಪಕ್ಕಕ್ಕೆ ತಳ್ಳಿದ.

"ಮಕ್ಕಳೇ, ನಿಜವಾದ ವೀರ ಬೇರೆ ಇದ್ದಾನೆ! ಬಾರೋ ದೀಪದವನೇ!"

ಅವನು ಬಂದ. ಮೊಣಕೈ ತರಚಿತ್ತು, ಕೂದಲ ತುಂಬ ಧೂಳು.

"ಕೊಟ್ಟ ಮಾತು ಮಾತೇ. ತಗೋ!" ಅಪ್ಪ ಅವಳ ಕೈಹಿಡಿದು ಮುಂದೆ ಚಾಚಿದ. ಅದು ತಮಾಷೆಯೂ ಹೌದು, ನಿಜವೂ ಹೌದು. ಮಕ್ಕಳು ಚಪ್ಪಾಳೆ ತಟ್ಟಿದರು.

"ರೋಗಿ ಬಯಸಿದ್ದೂ ಹಾಲನ್ನ, ವೈದ್ಯ ಹೇಳಿದ್ದೂ ಹಾಲನ್ನ," ಎಂದು ಪಕ್ಕದ ಪರದೆಯ ಮರೆಯಲ್ಲಿ ಯಾರೋ ಕಿಸಕ್ಕೆಂದರು. ಹಾಲನ್ನವನ್ನು ಮಾತ್ರ ಯಾರೂ ಕೇಳುವುದಿಲ್ಲ ಎಂದುಕೊಂಡಳು ಅವಳು. ಬೇಕಾದವನೇ ಎದುರಿಗಿದ್ದಾನೆ, ಆದರೂ ಸಿಟ್ಟು ಉಕ್ಕುತ್ತಿದೆ. ಅಪ್ಪನ ಮುಷ್ಟಿಯಿಂದ ಕೈ ಬಿಡಿಸಿಕೊಂಡಳು.

"ಅವರು ಕೊಟ್ಟಿದ್ದು ಹಾಗಿರ್ಲಿ," ಎಂದಳು ದೀಪದವನಿಗೆ. "ನೀವು ನನ್ನನ್ನ ಕೇಳಿ."

ಇದು ಆಟದಲ್ಲಿರುವ ಮಾತಲ್ಲ ಎಂಬುದು ಮಕ್ಕಳಿಗೂ ತಿಳಿಯಿತು. ಮುಂದಿನ ಸಾಲಿನ ಪುಟ್ಟಿಯೊಬ್ಬಳು ಕುರ್ಚಿಯ ಮೇಲೆ ಎದ್ದು ನಿಂತು, "ಕೇಳಣ್ಣಾ, ಬೇಗ ಕೇಳು!" ಎಂದು ಕೂಗಿದಳು.

ಕೇಳು, ಕೇಳು ಎಂದು ರಾಜಕುಮಾರಿಯ ಎದೆಯೂ ಬಡಿದುಕೊಳ್ಳುತ್ತಿತ್ತು. ಊಟ ಆಯ್ತಾ ಎಂದು ಕೇಳಿದ್ದರೂ ಆ ಗಳಿಗೆಯಲ್ಲಿ ಹೂಂ ಅಂದುಬಿಡುತ್ತಿದ್ದಳು.

ಅವನು ಬಾಯಿ ತೆರೆದ. ತೆರೆದವನು ಅವಳ ಅಪ್ಪನ ಕಡೆ ತಿರುಗಿದ.

"ಯಜಮಾನ್ರೇ, ಕೇಳ್ಲಾ?"

ಮಕ್ಕಳ ಜೊತೆ ಬಂದಿದ್ದ ದೊಡ್ಡವರು ಘೊಳ್ಳೆಂದು ನಕ್ಕರು. "ಕೇಳೋ, ಕೇಳು," ಎಂದು ಅಪ್ಪ ದೊಡ್ಡ ಮನಸ್ಸು ಮಾಡಿ ಅಪ್ಪಣೆ ಕೊಟ್ಟ. ಆಮೇಲೆ ದೀಪದವನು ಅವಳತ್ತ ತಿರುಗಿದ. ಕಣ್ಣಲ್ಲಿ ನೀರು ನಿಂತಿತ್ತು.

"ನನ್ನನ್ನ ಮದುವೆ ಆಗ್ತೀರಾ?"

ಇಷ್ಟು ದಿನ ಅವಳು ಕಾದಿದ್ದು ಇದೇ ಮಾತಿಗೆ. ಆದರೆ ಅದೂ ಅಪ್ಪನ ಅಪ್ಪಣೆ ಪಡೆದೇ ಬಂದಿತ್ತು.

"ಇಲ್ಲ," ಎಂದಳು. ಹೇಳಿದ ಮೇಲೆ ಅಳು ತಡೆಯಲಾಗಲಿಲ್ಲ. ಅವನ ಮೇಲಿನ ಪ್ರೀತಿ ಎಲ್ಲಿಗೂ ಹೋಗಿರಲಿಲ್ಲ.