ಜಾಗ ನಂಬರ್ ಒಂದು

ಕೆರೆಯ ನೀರನ್ನು ಬಾಟಲಿಗೆ ತುಂಬಿ ಪರೀಕ್ಷೆಗೆ ಕಳಿಸುವುದು ಅವಳ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ. ಹಾಗಾಗಿ ಉದ್ಯಾನ ಇಲಾಖೆಯ ಸಾಹೇಬರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಅವಳು ಬಾಟಲಿ ಅಕ್ಕ. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ.

ಇಲಾಖೆಯ ನಿಯಮ ಸರಳ. ಪ್ರತಿ ತಿಂಗಳ ಮೊದಲ ಸೋಮವಾರ ಪೂರ್ವ ದಂಡೆಯಲ್ಲಿ, ಒರತೆ ಹರಿದು ಬರುವ ಕಲ್ಲಿನ ಬಾಯಿಯ ಕೆಳಗೆ, ಒಂದು ಲೀಟರ್ ನೀರು ತುಂಬಬೇಕು. ರಿಜಿಸ್ಟರಿನಲ್ಲಿ ಅದರ ಹೆಸರು ‘ಜಾಗ ನಂಬರ್ ಒಂದು’. ಜಾಗ ನಂಬರ್ ಎರಡು ಎಂಬುದೇ ಇಲ್ಲ. ಎಂಟು ವರ್ಷದ ಹಿಂದೆ ಒರತೆ ಬತ್ತಿತು. ಫೋಟೊ ತೆಗೆಸಿಕೊಳ್ಳಲು ಬಂದವರು ಗೊಣಗಿದರೆಂದು ಇಲಾಖೆಯವರು ಬೋರ್‌ವೆಲ್ಲಿನಿಂದ ಒಂದು ಪೈಪು ಎಳೆದು ಆ ಕಲ್ಲಿನ ಬಾಯಿಗೆ ತುರುಕಿದರು. ಅಂದಿನಿಂದ ಬಾಟಲಿ ಅಕ್ಕ ಕೆರೆಯ ಹೆಸರಿನಲ್ಲಿ ಬೋರ್‌ವೆಲ್ ನೀರು ತುಂಬುತ್ತಿದ್ದಾಳೆ. ಪ್ರಯೋಗಾಲಯದಿಂದ ತಿಂಗಳು ತಿಂಗಳೂ ‘ಉತ್ತಮ’ ಎಂದೇ ಬರುತ್ತದೆ. ಬಾರದೆ ಇನ್ನೇನು?

ಕೆರೆಯ ಉಳಿದ ಭಾಗದ ಕಥೆ ಮೂಗಿದ್ದವರಿಗೆಲ್ಲ ಗೊತ್ತು. ಪಶ್ಚಿಮ ದಂಡೆಯಲ್ಲಿ ಇಲಾಖೆಯೇ ಕಟ್ಟಿಸಿದ ಶೌಚಾಲಯದ ಕೊಳವೆ ನೇರವಾಗಿ ನೀರಿಗೇ ಇಳಿದಿದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅಲ್ಲಿ ಬೂದು ಬಣ್ಣದ ನೊರೆ, ಹೊಟ್ಟೆ ಮೇಲಾಗಿ ತೇಲುವ ಮೀನು, ಕಾಲಿಟ್ಟರೆ ಪಾದವನ್ನು ಒಳಗೆಳೆಯುವ ಕಪ್ಪು ರಾಡಿ. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು ಅನ್ನುತ್ತಾರಲ್ಲ, ಇಲ್ಲಿ ಹುಳುಕು ಮೇಲೆಯೇ ತೇಲುತ್ತಿತ್ತು. ಆದರೂ ಇಷ್ಟು ವರ್ಷ ಬಾಟಲಿ ಅಕ್ಕ, ನನಗ್ಯಾಕೆ ಊರ ಉಸಾಬರಿ ಎಂದು ಮೂಗಿಗೆ ಕರವಸ್ತ್ರ ಹಿಡಿದು ದಾಟಿ ಹೋಗುತ್ತಿದ್ದಳು.

ಈ ಸೋಮವಾರ ದಾಟಲಾಗಲಿಲ್ಲ. ಗುರುವಾರದಿಂದ ಶಾಲೆಯ ಮಕ್ಕಳಿಗೆ ಪಶ್ಚಿಮ ದಂಡೆಯ ಮೆಟ್ಟಿಲ ಬಳಿಯೇ ಈಜು ಕಲಿಸುತ್ತಾರಂತೆ. ಆ ಮಕ್ಕಳಲ್ಲಿ ಅವಳ ಅಣ್ಣನ ಮಗಳೂ ಒಬ್ಬಳು. ನೀರು ಕಂಡಲ್ಲಿ ಹಾರುವ ಹತ್ತು ವರ್ಷದ ಹುಡುಗಿ, ಮನೆಮಂದಿಗೆಲ್ಲ ಕಪ್ಪೆ.

ಬಾಟಲಿ ಅಕ್ಕ ಉಸಿರು ಬಿಗಿಹಿಡಿದು ಆ ಮೆಟ್ಟಿಲ ಬುಡದಲ್ಲೇ ನೀರು ತುಂಬಿದಳು. ಚೀಟಿಯ ಮೇಲೆ ‘ಪಶ್ಚಿಮ ದಂಡೆ’ ಎಂದು ಬರೆದು ಕಳಿಸಿದಳು. ಮಧ್ಯಾಹ್ನದ ಹೊತ್ತಿಗೆ ಬಾಟಲಿ ಹೋದ ಹಾಗೇ ವಾಪಸು ಬಂತು. ಮುಚ್ಚಳ ಕೂಡ ತೆರೆದಿರಲಿಲ್ಲ. ಹಿಂದೆಯೇ ಸಾಹೇಬರು ಕೋಣೆಗೆ ಕರೆಸಿದರು; ಬಾಟಲಿ ಅವರ ಮೇಜಿನ ಮೇಲಿತ್ತು.

“ಏನಮ್ಮಾ ಇದು? ರಿಜಿಸ್ಟರಲ್ಲಿ ಇಲ್ಲದ ಜಾಗದ ನೀರು ಕಳಿಸಿದ್ದೀರಿ?”

“ಮಕ್ಕಳು ಇಳಿಯೋದು ಅಲ್ಲೇ ಅಲ್ವಾ ಸಾರ್? ನಂಬರ್ ಒಂದರಲ್ಲಿ ಬರೋದು ಬೋರ್‌ವೆಲ್ ನೀರು. ನಿಮಗೂ ಗೊತ್ತಲ್ಲ.”

“ಗೊತ್ತಿಲ್ದೆ ಏನು? ಪೈಪು ಹಾಕಿಸಿದ್ದೇ ನಾನು,” ಎಂದು ಸಾಹೇಬರು ನಕ್ಕರು. “ನೀರು ಚೆನ್ನಾಗೇ ಬರ್ತಿದೆ ತಾನೆ?”

“ಈಜೊಂದು ನಿಲ್ಲಿಸಿಬಿಡಿ ಸಾರ್, ಸಾಕು.”

“ಯಾವ ವರದಿ ಇಟ್ಕೊಂಡು ನಿಲ್ಲಿಸ್ಲಿ? ಎಲ್ಲದರಲ್ಲೂ ಉತ್ತಮ ಅಂತಿದೆ, ಕೆಳಗೆ ನಿಮ್ದೇ ಸಹಿ ಇದೆ. ಹೊಸ ಜಾಗ ಸೇರಿಸ್ಬೇಕು ಅಂದ್ರೆ ಸಮಿತಿ ಕೂರ್ಬೇಕು. ಸಮಿತಿ ಕೂರೋದು ಬೇಸಿಗೆ ಮುಗಿದ ಮೇಲೆ. ಹೋಗಿ, ಲ್ಯಾಬಿನ ಗಾಡಿ ಕಾಯ್ತಿದೆ, ಸರಿಯಾದ ನೀರು ತುಂಬಿಕೊಡಿ.”

ಬಾಟಲಿಯನ್ನು ಅವಳತ್ತ ತಳ್ಳಿ, ಅದನ್ನು ಮುಟ್ಟಿದ್ದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. ಥೂ! ಮುಚ್ಚಿದ ಬಾಟಲಿ ಮುಟ್ಟಿದ್ದಕ್ಕೇ ಕೈ ಒರೆಸಿಕೊಳ್ಳುವ ಮನುಷ್ಯ, ನಲವತ್ತು ಮಕ್ಕಳನ್ನು ಅದೇ ನೀರಲ್ಲಿ ಮುಳುಗಿಸಲು ಹಿಂದೆ ಮುಂದೆ ನೋಡಲಿಲ್ಲ. ಅವರ ಮೇಲೆ ಹುಟ್ಟಿದ ಹೇಸಿಗೆಗಿಂತ ಹೆಚ್ಚಿನದು ಅವಳಿಗೆ ತನ್ನ ಮೇಲೆಯೇ ಹುಟ್ಟಿತು, ಏಕೆಂದರೆ ಅವಳು ಹೋಗಿ ಸರಿಯಾದ ನೀರನ್ನೇ ತುಂಬಿಕೊಟ್ಟಳು.

ಬುಧವಾರ ವರದಿ ಬಂತು. ಮೆಟ್ಟಿಲ ಬಳಿ ಹಸಿರು ಫಲಕ ತೂಗುಹಾಕುವುದೂ ಅವಳದೇ ಕೆಲಸ. ‘ನೀರು ಈಜಲು ಯೋಗ್ಯ.’ ಅದರ ಕೆಳಗೆ, ಮಾದರಿ ತೆಗೆದವರು ಎಂಬಲ್ಲಿ, ಅವಳ ಸಹಿ.

ಆ ಸಂಜೆ ಊಟಕ್ಕೆ ಕೂತಾಗ ಅತ್ತಿಗೆಗೆ ಹೇಳಿದಳು, “ನಾಳೆ ಕಪ್ಪೆನ ಈಜಿಗೆ ಕಳಿಸ್ಬೇಡಿ ಅತ್ತಿಗೆ.”

“ಯಾಕೆ, ನೀರು ಕೆಟ್ಟಿದ್ಯಾ?”

ಈಜುಡುಗೆಯನ್ನು ಆಗಲೇ ತೊಟ್ಟು ಕೂತಿದ್ದ ಕಪ್ಪೆ ಮಧ್ಯೆ ಬಾಯಿ ಹಾಕಿದಳು. “ಅದು ಹೇಗೆ ಕೆಡುತ್ತೆ? ನಮ್ಮತ್ತೆನೇ ನೀರು ನೋಡೋದು ಅಂತ ಕ್ಲಾಸಲ್ಲಿ ಎಲ್ಲರಿಗೂ ಹೇಳಿದ್ದೀನಿ.”

“ಹಾಗಲ್ಲ, ನೆಗಡಿ ಆದೀತು ಅಂತ,” ಎಂದು ಬಾಟಲಿ ಅಕ್ಕ ತಿಪ್ಪೆ ಸಾರಿಸಿದಳು.

“ಕಪ್ಪೆಗೆಂಥ ನೆಗಡಿ!” ಎಂದು ಅಣ್ಣ ನಕ್ಕ. ಮಾತು ಅಲ್ಲಿಗೇ ಮುಗಿಯಿತು.

ಗುರುವಾರ ಬೆಳಿಗ್ಗೆ ಅವಳು ಏದುಸಿರು ಬಿಡುತ್ತಾ ಕೆರೆಗೆ ಬರುವಷ್ಟರಲ್ಲಿ ಮಕ್ಕಳು ಸಾಲಾಗಿ ನಿಂತಿದ್ದರು. ಈಜು ಕಲಿಸುವ ಮೇಷ್ಟ್ರು ಮೂಗು ಹಿಂಡಿಕೊಂಡು ನೀರನ್ನೇ ದಿಟ್ಟಿಸುತ್ತಿದ್ದರು.

“ಈ ನಾತದಲ್ಲಿ ನಿಮ್ಮನ್ನ ಹೇಗಪ್ಪಾ ಇಳಿಸೋದು?”

ಕಪ್ಪೆ ಅವರ ಕೈ ಹಿಡಿದು ಫಲಕದ ಹತ್ತಿರ ಎಳೆದುಕೊಂಡು ಹೋದಳು. ಸಹಿಯ ಮೇಲೆ ಬೆರಳಿಟ್ಟು ತೋರಿಸಿದಳು. “ಇದು ನಮ್ಮತ್ತೆ ಸಹಿ ಸಾರ್. ನಮ್ಮತ್ತೆ ಯಾವತ್ತೂ ಸುಳ್ಳು ಹೇಳಲ್ಲ.”

ಮೇಷ್ಟ್ರು ಸಹಿ ನೋಡಿದರು. ಸಮಾಧಾನವಾಗಿ ಸೀಟಿಯನ್ನು ಬಾಯಿಗಿಟ್ಟರು.

“ಇಳಿಸ್ಬೇಡಿ!” ಬಾಟಲಿ ಅಕ್ಕ ನುಗ್ಗಿ ಬಂದು ಫಲಕವನ್ನು ಕಿತ್ತು ಕೆಳಕ್ಕೆ ಎಸೆದಳು. “ಇದು ಸುಳ್ಳು. ನಾನು ತುಂಬಿದ್ದು ಬೋರ್‌ವೆಲ್ ನೀರು. ಇಲ್ಲಿರೋದು ಕಕ್ಕಸಿನ ನೀರು. ಎಂಟು ವರ್ಷದಿಂದ ಗೊತ್ತಿದ್ದೂ ಸಹಿ ಹಾಕಿದ್ದೀನಿ.” ಆಮೇಲೆ ಹುಡುಗಿಯ ಮುಖ ನೋಡಿ ಹೇಳಿದಳು, “ನಿಮ್ಮತ್ತೆ ಸುಳ್ಳುಬುರುಕಿ ಕಣೇ.”

ಮೇಷ್ಟ್ರು ಸೀಟಿ ಊದಲಿಲ್ಲ. ಮಕ್ಕಳು ಛೀ ಛೀ ಎನ್ನುತ್ತಾ ಒಬ್ಬರ ಮೇಲೊಬ್ಬರು ಬಿದ್ದು ಮೆಟ್ಟಿಲು ಹತ್ತಿದರು. ಒಂದು ಮಗುವಿನ ಕಾಲೂ ಒದ್ದೆಯಾಗಿರಲಿಲ್ಲ. ಸಾಹೇಬರು ಇನ್ನು ಏನು ಮಾಡಿಕೊಂಡರೂ ಮಾಡಿಕೊಳ್ಳಲಿ ಎಂದು ಬಾಟಲಿ ಅಕ್ಕನ ಎದೆ ಹಗುರಾಯಿತು.

“ಬಾರೇ, ಮನೆಗೆ ಹೋಗೋಣ,” ಎಂದು ಕೈ ಚಾಚಿದಳು.

ಕಪ್ಪೆ ಆ ಕೈಯನ್ನು ನೋಡಿದಳು. ಸಹಿ ಮುಟ್ಟಿದ್ದ ಬೆರಳನ್ನು ಟವೆಲ್ಲಿಗೆ ಚೆನ್ನಾಗಿ ಒರೆಸಿಕೊಂಡು, ಹೋಗಿ ಶಾಲೆಗೆ ವಾಪಸು ಹೊರಟ ಮಕ್ಕಳ ಸಾಲಿನ ಕೊನೆಯಲ್ಲಿ ನಿಂತಳು.